ಹನ್ನೊಂದು ಪುಟಗಳ ಸತ್ಯ

ರಬಾಳೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಕಾರ್ಖಾನೆಗಳ ಸಾಲು. ಅದರಲ್ಲಿ ಒಂದು ಕಾಲಕ್ಕೆ ಬಣ್ಣದ ಡಬ್ಬಿ ತಯಾರಾಗುತ್ತಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ರಮಿತಾಳ ಆಫೀಸಿತ್ತು. ಅಲ್ಲಿ ಕಂಪ್ಯೂಟರಿಗೆ ಓದು ಕಲಿಸುತ್ತಿದ್ದರು. ಹಾಗೆಂದು ಅವಳ ತಾಯಿ ಜಲಜಾಕ್ಷಿ ಹೇಳಿದಾಗ ನೆರೆಮನೆಯವರು ಅದನ್ನು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಕ್ಲಾಸೆಂದು ತಿಳಿದು, ತಮ್ಮ ಮಗನಿಗೂ ಒಂದು ಸೀಟು ಸಿಗಬಹುದೇ ಎಂದು ವಿಚಾರಿಸಿದ್ದರು. ರಮಿತಾ ತಿದ್ದಲು ಹೋಗಲಿಲ್ಲ. ಆ ಕೆಲಸ ಮಾಡುವುದಕ್ಕಿಂತ ವಿವರಿಸುವುದು ಕಷ್ಟವಾಗಿತ್ತು.

ಎಲ್ಲೋ ದೂರದಲ್ಲಿದ್ದ ಒಂದು ಯಂತ್ರ ಇಂಟರ್‌ನೆಟ್ಟಿನ ಪುಟಗಳನ್ನು ಬಿಡುವಿಲ್ಲದೆ ಓದುತ್ತಿತ್ತು. ಓದಿದ್ದರಲ್ಲಿ ತನಗೆ ತಿಳಿಯಿತೆಂದು ಅನ್ನಿಸಿದ್ದನ್ನೆಲ್ಲ ಮೂರು ತುಂಡು ಮಾಡಿ ಜೋಡಿಸಿ ಇಡುತ್ತಿತ್ತು. ಕಾವೇರಿ, ಹುಟ್ಟುವ ಸ್ಥಳ, ತಲಕಾವೇರಿ. ಪಕ್ಕದಲ್ಲಿ ಅದರ ನಂಬಿಕೆಯ ಅಂಕಿ, ನೂರಕ್ಕೆ ಇಷ್ಟು ಎಂದು. ಒಂದೇ ಮಾತು ಹೆಚ್ಚು ಪುಟಗಳಲ್ಲಿ ಸಿಕ್ಕಷ್ಟೂ ಆ ಅಂಕಿ ಏರುತ್ತಿತ್ತು. ರಮಿತಾ ಮತ್ತು ಅವಳಂಥ ಹದಿನಾರು ಮಂದಿ ಅವನ್ನು ಒಂದೊಂದಾಗಿ ನೋಡಿ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಸರಿ, ತಪ್ಪು, ಹೇಳಲಾಗದು. ಬೇರೆಯವರೆಲ್ಲ ಮರಾಠಿ, ಹಿಂದಿ, ಗುಜರಾತಿ ನೋಡುತ್ತಿದ್ದರು. ಡೊಂಬಿವಲಿಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತಿದ್ದ ರಮಿತಾಳ ಪಾಲಿಗೆ ಕನ್ನಡ ಬಂತು. ಶಾಲೆಯಲ್ಲಿದ್ದಾಗ ಓರಗೆಯವರು ಹಂಗಿಸುತ್ತಿದ್ದ ಆ ಏಳು ವರ್ಷಗಳೇ ಬಿ.ಎ. ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತವಳಿಗೆ ಈ ಕೆಲಸ ಕೊಡಿಸಿದ್ದವು. ಅದು ಎರಡು ಸಾವಿರದ ಹದಿನಾಲ್ಕನೆಯ ಇಸವಿ.

ನಗು ಬರುವಂಥವೂ ಇದ್ದವು. ಉಡುಪಿ ಎಂಬುದು ಒಂದು ಹೋಟೆಲು ಎಂದು ಯಂತ್ರ ಕಲಿತಿತ್ತು, ನಂಬಿಕೆ ತೊಂಬತ್ತೇಳು. ರಮಿತಾ ಅದಕ್ಕೆ ತಪ್ಪು ಎಂದು ಒತ್ತಿ, ತಂಡದ ಮುಖ್ಯಸ್ಥೆ ಸೋನಾಲಿಗೆ ತೋರಿಸಿದಾಗ ಅವಳು, "ಖರಂಚ್ ಆಹೇ ನಾ?" ಎಂದಿದ್ದಳು. ನಿಜವೇ ಅಲ್ಲವೇ, ಠಾಣೆಯಿಂದ ಇಲ್ಲಿಯವರೆಗೆ ನಾಲ್ಕು ಉಡುಪಿಗಳಲ್ಲಿ ತಾನೇ ದೋಸೆ ತಿಂದಿದ್ದೇನೆ ಎಂದು ಅವಳ ವಾದ. ಆಮೇಲೆ ಗಂಭೀರಳಾಗಿ ಹೊಸಬರಿಗೆಲ್ಲ ಹೇಳುವ ನಿಯಮವನ್ನು ಮತ್ತೊಮ್ಮೆ ಹೇಳಿದ್ದಳು. ನಿನಗೆ ಏನು ಗೊತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪುಟದಲ್ಲಿ ಏನು ಬರೆದಿದೆ ಎಂಬುದಷ್ಟೇ ಲೆಕ್ಕ. ಬರೆದದ್ದನ್ನು ಯಂತ್ರ ಸರಿಯಾಗಿ ಓದಿದೆಯೇ ಎಂದು ನೋಡು, ಸಾಕು.

ಜೂನ್ ತಿಂಗಳ ಒಂದು ಗುರುವಾರ, ಊಟ ಮುಗಿಸಿ ಬಂದು ಕೂತ ರಮಿತಾಳ ಪರದೆಯ ಮೇಲೆ ಈ ಸಾಲು ಬಂತು. ಹೋಟೆಲ್ ಶ್ರೀದೀಪ ಕಲ್ಯಾಣ, ಬೆಂಕಿಗೆ ಕಾರಣ, ಶಂಭು ಕೋಟ್ಯಾನ್. ನಂಬಿಕೆ ತೊಂಬತ್ತನಾಲ್ಕು. ಪುಟಗಳು ಹನ್ನೊಂದು.

ಶಂಭು ಕೋಟ್ಯಾನ್ ಅವಳ ತಂದೆ.

ಅವಳು ಹನ್ನೊಂದನ್ನೂ ತೆರೆದು ಓದಿದಳು. ಶ್ರೀದೀಪದ ಮಾಲೀಕ ಪ್ರೇಮನಾಥ ಹೋದ ವರ್ಷ ತೀರಿಕೊಂಡಾಗ ಊರವರ ಒಂದು ಜಾಲತಾಣ ಅವರ ಜೀವನಸಾಧನೆ ಬರೆದಿತ್ತು. ಉಳಿದ ಹತ್ತು ತಾಣಗಳು ಅದನ್ನೇ ಎತ್ತಿ ಹಾಕಿಕೊಂಡಿದ್ದವು. ಒಂದರಲ್ಲಿ ಫೋಟೋ ಮಾತ್ರ ಬೇರೆ, ಇನ್ನೊಂದರಲ್ಲಿ ಕಾಗುಣಿತದ ತಪ್ಪುಗಳು ಹೆಚ್ಚು. ವಾಕ್ಯ ಅದೇ. "೨೦೦೩ರಲ್ಲಿ ಅಡುಗೆಯ ಶಂಭು ಕೋಟ್ಯಾನ್ ಎಂಬವರ ಅಜಾಗರೂಕತೆಯಿಂದ ಹೋಟೆಲು ಬೆಂಕಿಗೆ ಆಹುತಿಯಾಗಿ ಓರ್ವ ಕೆಲಸಗಾರ ಮೃತಪಟ್ಟಾಗಲೂ ಎದೆಗುಂದದೆ, ಅದೇ ಸ್ಥಳದಲ್ಲಿ ಮತ್ತೆ ಹೋಟೆಲು ಕಟ್ಟಿ ಬೆಳೆಸಿದ ಛಲಗಾರ."

ಯಂತ್ರ ಸರಿಯಾಗಿಯೇ ಓದಿತ್ತು. ರಮಿತಾ ತಪ್ಪು ಎಂಬ ಗುಂಡಿ ಒತ್ತಿದಳು.

ಅವಳು ಹಾಗೆ ಒತ್ತಿದ್ದಕ್ಕೆ ಆಧಾರ ತಾಯಿ ಹೇಳಿದ ಮಾತು. ಹೋಟೆಲು ಸುಟ್ಟಾಗ ರಮಿತಾಳಿಗೆ ಹನ್ನೊಂದು ವರ್ಷ. ಶಂಭು ಗ್ಯಾಸ್ ಮುಚ್ಚದೆ ಹೊರಗೆ ಹೋಗಿದ್ದ ಎಂದು ಪ್ರೇಮನಾಥ ಪೊಲೀಸರಿಗೆ ಹೇಳಿಕೆ ಕೊಟ್ಟರು. ಪೇಪರಿನಲ್ಲಿ ಹಾಗೇ ಬಂತು. ಆಕಸ್ಮಿಕವೆಂದು ಕೇಸು ಮುಚ್ಚಿದ ಮೇಲೂ ಆ ಮಾತು ಕಲ್ಯಾಣ ಡೊಂಬಿವಲಿಯ ಹೋಟೆಲುಗಳಲ್ಲೆಲ್ಲ ಓಡಾಡುತ್ತಿತ್ತು. ಆಗ ಶಂಭು ಕರಾವಳಿಯ ತಮ್ಮ ಊರಿಗೆ ಹೋಗಿ, ನ್ಯಾಯ ತೀರಿಸುವ ದೈವದ ಅಂಗಳದಲ್ಲಿ ದೂರು ಇಟ್ಟರು. ಧಣಿಯೂ ಕೆಲಸದವನೂ ಹುಟ್ಟಿದ್ದು ಒಂದೇ ಗ್ರಾಮದಲ್ಲಿ, ನಂಬುವುದು ಒಂದೇ ದೈವವನ್ನು. ದೈವದ ಕರೆ ಹೋದ ಮೇಲೆ ಪ್ರೇಮನಾಥ ಬಾರದೆ ಇರುವಂತಿರಲಿಲ್ಲ. ದೈವದೆದುರು ನಿಂತು ಶಂಭು, ಗ್ಯಾಸನ್ನು ಮುಚ್ಚಿಯೇ ಹೋಗಿದ್ದೆ ಎಂದರು. ಪ್ರೇಮನಾಥರ ಸರದಿ ಬಂದಾಗ ಅವರು ಅತ್ತುಬಿಟ್ಟರು. ಪೈಪು ಹಳೆಯದಾಗಿದೆ, ಬದಲಿಸಿ ಎಂದು ಶಂಭು ಮೂರು ಸಲ ಹೇಳಿದ್ದ, ತಾನು ಕಿವಿಗೆ ಹಾಕಿಕೊಂಡಿರಲಿಲ್ಲ, ತಪ್ಪು ತನ್ನದು ಎಂದು ಒಪ್ಪಿಕೊಂಡರು. ಇಬ್ಬರೂ ದೈವದ ಪಾತ್ರಿಯ ಒಂದೇ ಕೈಯಿಂದ ಪ್ರಸಾದದ ಗಂಧ ತೆಗೆದುಕೊಂಡರು. ಹಾಗೆ ಗಂಧ ತೆಗೆದುಕೊಂಡ ಮೇಲೆ ಆ ವಿಷಯ ಮುಗಿಯಿತು. ಮತ್ತೆ ಎಲ್ಲಿಯೂ ಯಾರೂ ಎತ್ತುವಂತಿಲ್ಲ, ಗೆದ್ದವನೂ ಎತ್ತುವಂತಿಲ್ಲ. ಅಂಗಳದಲ್ಲಿದ್ದವರು ಏಳು ಜನ. ಏಳು ಜನರೂ ಬಾಯಿ ಮುಚ್ಚಿಕೊಂಡರು. ಸತ್ಯ ಇರಬೇಕಾದ ಜಾಗದಲ್ಲಿ ಇದೆ, ಅದನ್ನು ಇನ್ನೊಂದು ಕಡೆ ಬರೆದಿಡಬೇಕೆಂದು ಅವರಲ್ಲಿ ಯಾರಿಗೂ ತೋಚಲಿಲ್ಲ.

ರಮಿತಾಳಿಗೆ ಹನ್ನೆರಡು ತುಂಬಿದಾಗ ಜಲಜಾಕ್ಷಿ ಇದನ್ನು ಒಮ್ಮೆ ಹೇಳಿದ್ದಳು. ಮಾತಾಡಲಿಕ್ಕಲ್ಲ, ನಿನಗೆ ತಿಳಿದಿರಲಿ ಎಂದಿದ್ದಳು. ಹೇಳುವಾಗ ಒಂದು ಕೊರಗೂ ಸೇರಿಕೊಂಡಿತ್ತು. ಗಂಧ ತೆಗೆದುಕೊಂಡ ಮರುವಾರವೇ ಪ್ರೇಮನಾಥ ಮನೆಗೆ ಬಂದು, ಹೊಸ ಹೋಟೆಲಿನ ಅಡುಗೆಮನೆ ನಿನ್ನದೇ ಬಾ ಎಂದು ಕರೆದರಂತೆ. ಶಂಭು ಹೋಗಲಿಲ್ಲ. ಅಲ್ಲಿಗೆ ಮಾತ್ರವಲ್ಲ, ಮತ್ತೆ ಯಾವ ಒಲೆಯ ಮುಂದೆಯೂ ನಿಲ್ಲಲಿಲ್ಲ. ಬೇಲಾಪುರದ ಒಂದು ಸರಕಾರಿ ಕಚೇರಿಯ ಕ್ಯಾಂಟೀನಿನಲ್ಲಿ ಕೂಪನ್ ಹರಿದುಕೊಡುವ ಕೆಲಸ ಹಿಡಿದು ಹನ್ನೊಂದು ವರ್ಷ ಅದರಲ್ಲೇ ಕೂತರು. ಅವಮಾನ ಮನಸ್ಸಿಗೆ ಹತ್ತಿದೆ ಎಂದು ಜಲಜಾಕ್ಷಿ ತಿಳಿದಳು. ಮಗಳೂ ಹಾಗೇ ತಿಳಿದಳು.

ಶುಕ್ರವಾರ ಸೋನಾಲಿ ಅವಳನ್ನು ಮೇಜಿನ ಬಳಿಗೆ ಕರೆದಳು. ತಪಾಸಣೆಯವರು ಆ ಸಾಲನ್ನು ಹಿಂದೆ ಕಳಿಸಿದ್ದರು. ಹನ್ನೊಂದು ಪುಟ ಹೌದು ಅನ್ನುವಾಗ ನೀನು ಇಲ್ಲ ಅನ್ನುವುದು ಯಾವ ಆಧಾರದ ಮೇಲೆ ಎಂದು ಕೇಳಿದ್ದರು. ರಮಿತಾ, ತನಗೆ ಗೊತ್ತು ಎಂದಳು.

"ತುಲಾ ಮಾಹೀತ್ ಆಹೇ. ಮಶೀನ್‌ಲಾ ಕುಠೇ ಮಾಹೀತ್ ಆಹೇ?" ಎಂದಳು ಸೋನಾಲಿ. ನಿನಗೆ ಗೊತ್ತು, ಆದರೆ ಯಂತ್ರಕ್ಕೆಲ್ಲಿ ಗೊತ್ತು ಎಂದು. ಬೇರೆ ಥರ ಹೇಳುವ ಒಂದೇ ಒಂದು ಪುಟ ಇದ್ದರೂ ಕೊಡು, ಆಗ ಅದನ್ನು ಹೇಳಲಾಗದು ಎಂಬಲ್ಲಿಗಾದರೂ ತಳ್ಳುತ್ತೇನೆ, ಸೋಮವಾರದವರೆಗೆ ಸಮಯ ಇದೆ ಎಂದು ಗೆಳತಿಯ ಹಾಗೆಯೇ ಹೇಳಿದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆ ಸಾಲಿನಲ್ಲಿದ್ದ ಹೆಸರು ಯಾರದೆಂದು ಅವಳಿಗೆ ತಿಳಿದಿರಲಿಲ್ಲ.

ಆ ಸಂಜೆ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯವರೆಗೆ ನಿಂತೇ ಬಂದ ರಮಿತಾ ದಾರಿಯುದ್ದಕ್ಕೂ ಒಂದೇ ವಿಷಯ ಯೋಚಿಸಿದಳು. ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಲು ಹತ್ತು ನಿಮಿಷ ಸಾಕು. ಹನ್ನೊಂದರ ಎದುರು ಒಂದು. ಸುಳ್ಳಲ್ಲವಲ್ಲ. ಆದರೆ ಆ ಮಧ್ಯಾಹ್ನ ಏನಾಯಿತು, ಅಂಗಳದಲ್ಲಿ ಯಾರು ಯಾವ ಮಾತು ಆಡಿದರು, ಇದನ್ನೆಲ್ಲ ತಂದೆಯ ಬಾಯಿಂದ ಕೇಳದೆ ಬರೆಯುವುದು ಹೇಗೆ? ಈ ಹನ್ನೊಂದು ವರ್ಷಗಳಲ್ಲಿ ಅವರು ಮನೆಯೊಳಗೆ ಆ ಹೋಟೆಲಿನ ಹೆಸರನ್ನೂ ಎತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶಂಭು ಎಂದಿನಂತೆ ಹೊರಬಾಗಿಲು ಪೂರ್ತಿ ತೆರೆದು, ಅದು ಮುಚ್ಚದಂತೆ ಒಂದು ಇಟ್ಟಿಗೆ ಇಟ್ಟು, ಅದರ ಪಕ್ಕದಲ್ಲೇ ಚಾಪೆ ಹಾಸಿ ಒರಗಿದ್ದರು. ಹಗಲು ಮನೆಯಲ್ಲಿರುವಾಗ ಅವರು ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಮೆಟ್ಟಿಲು ಹತ್ತುವವರೆಲ್ಲ ಒಳಗೆ ನೋಡಿಕೊಂಡೇ ಹೋಗುತ್ತಾರೆ ಎಂದು ಜಲಜಾಕ್ಷಿ ಗೊಣಗಿ ಗೊಣಗಿ ಬಿಟ್ಟಿದ್ದಳು. ಮೇಲಿನ ಮಹಡಿಯವರು ಆ ಮನೆಗೆ ಪ್ಲಾಟ್‌ಫಾರ್ಮ್ ಎಂದು ಹೆಸರಿಟ್ಟಿದ್ದರು.

ರಮಿತಾ ತಂದೆಯ ಎದುರು ಕೂತು, ಮನೆಮಾತಾದ ತುಳುವಿನಲ್ಲಿ, ಎಲ್ಲವನ್ನೂ ಹೇಳಿದಳು. ಯಂತ್ರ ಓದುವ ರೀತಿ, ಅದರ ನಂಬಿಕೆಯ ಅಂಕಿ, ಹನ್ನೊಂದು ಪುಟ, ಸೋಮವಾರದ ಗಡುವು. ಪಾತ್ರೆ ತೊಳೆಯುತ್ತಿದ್ದ ಜಲಜಾಕ್ಷಿ ಕೈ ಒರೆಸಿಕೊಂಡು ಬಂದು ನಿಂತಳು.

"ಗಂಧ ತಕ್ಕೊಂಡ ಮೇಲೆ ಹೀಗೆ ಬರೆಯುದಾ? ಧಣಿಯ ಮಕ್ಕಳಿಗೆ ಹೇಳುವವರು ಯಾರೂ ಇಲ್ವಾ?" ಎಂದಳು.

"ಬರೆದವರು ಅಂಗಳದಲ್ಲಿ ಇರ್ಲಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು?" ಎಂದರು ಶಂಭು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅದಕ್ಕೇ ಪಪ್ಪ, ನಾವು ಬರೆಯುವ," ಎಂದಳು ರಮಿತಾ. "ಅಲ್ಲಿ ಇದ್ದ ಏಳು ಜನರಲ್ಲಿ ಒಬ್ಬರು ಬರೆದಿಟ್ಟಿದ್ರೂ ಇವತ್ತು ಹೀಗೆ ಆಗ್ತಿರ್ಲಿಲ್ಲ."

"ಅಲ್ಲಿ ಮುಗಿದದ್ದನ್ನು ಬಜಾರಿಗೆ ತರಬಾರದು, ಮಗಾ."

"ನಿಮ್ಮ ಹೆಸರು ಪಪ್ಪ ಅದು. ನಾಳೆ ಯಾರು ಕೇಳಿದ್ರೂ ಅದು ಹಾಗೇ ಹೇಳ್ತದೆ. ನಾವೆಲ್ಲ ಸತ್ತ ಮೇಲೂ ಹಾಗೇ ಹೇಳ್ತದೆ."

ಶಂಭು ಬಾಗಿಲಿನ ಕಡೆ ತಿರುಗಿದರು. ಕೆಳಗಿನ ಮಹಡಿಯಲ್ಲಿ ಯಾರೋ ಬಕೆಟಿಗೆ ನೀರು ತುಂಬಿಸುತ್ತಿದ್ದರು. ಅದು ತುಂಬಿ ನಲ್ಲಿ ನಿಂತಿತು. ಆಮೇಲೆ ಕೇಳಿದರು:

"ಸತ್ತವನ ಹೆಸರು ಎಂತ ಅಂತ ಬರೆದಿದ್ದಾರೆ?"

ರಮಿತಾ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಹೆಸರಿಲ್ಲ. ಓರ್ವ ಕೆಲಸಗಾರ ಅಂತ ಉಂಟು."

"ಹನ್ನೊಂದು ಕಡೆಯಲ್ಲೂ?"

"ಹನ್ನೊಂದು ಕಡೆಯಲ್ಲೂ."

"ಚನಿಯ," ಎಂದರು ಶಂಭು.

ಆ ಹೆಸರನ್ನು ರಮಿತಾ ಮೊದಲ ಸಲ ಕೇಳುತ್ತಿದ್ದಳು. ಜಲಜಾಕ್ಷಿಯ ಮುಖ ನೋಡಿದರೆ ಅವಳಿಗೆ ಗೊತ್ತಿತ್ತು, ಮರೆತಿತ್ತು.

ಶಂಭು ಹೇಳಲು ತೊಡಗಿದರು. ಚನಿಯ ಪಾತ್ರೆ ತೊಳೆಯುವವನು. ನಲವತ್ತು ದಾಟಿದ ಆಳು, ಊರಿನಲ್ಲಿ ಅವನ ಕೇರಿ ಬೇರೆ, ಹೋಟೆಲಿನಲ್ಲೂ ಅವನು ಒಲೆಯ ಕಡೆಗೆ ಬರುವಂತಿರಲಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಎಲ್ಲರೂ ಎದುರಿನ ಹಾಲಿನಲ್ಲಿ ಬೆಂಚು ಜೋಡಿಸಿ ಮಲಗಿದರೆ ಅವನು ಅಡುಗೆಮನೆಯ ಹಿಂದುಗಡೆ ಪಾತ್ರೆಯ ಕೋಣೆಯಲ್ಲಿ ಮಲಗುತ್ತಿದ್ದ. ಆ ಕೋಣೆಗೆ ಗಲ್ಲಿಗೆ ತೆರೆಯುವ ಒಂದು ಬಾಗಿಲಿತ್ತು. ಆ ವರ್ಷ ತೆಂಗಿನಕಾಯಿ, ಅಕ್ಕಿ ಕಡಿಮೆಯಾಗುತ್ತಿವೆ ಎಂದು ಅನುಮಾನ ಬಂತು. ಅನುಮಾನ ಬಂದದ್ದು ಧಣಿಗಲ್ಲ, ಶಂಭುವಿಗೆ. ಅದು ಚನಿಯನದೇ ಕೆಲಸ ಎಂದು ಅವರು ತಾವಾಗಿ ತೀರ್ಮಾನಿಸಿ ಧಣಿಗೆ ಹೇಳಿದರು. ಮಧ್ಯಾಹ್ನ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ, ಕೀ ತನ್ನ ಹತ್ತಿರ ಇರಲಿ ಎಂದರು. ಪ್ರೇಮನಾಥ ಹೂಂ ಅಂದರು.

"ಆವತ್ತು ಗ್ಯಾಸ್ ಮುಚ್ಚಿದೆ, ಗಲ್ಲಿಗೆ ಸುತ್ತಿ ಹೋಗಿ ಬೀಗ ಹಾಕಿದೆ, ಕ್ಷೌರಕ್ಕೆ ಹೋದೆ. ಸದ್ದು ಕೇಳಿ ಓಡಿ ಬಂದಾಗ ಎದುರಿನಿಂದ ಮಲಗಿದವರೆಲ್ಲ ಹೊರಗೆ ಬಂದಿದ್ರು. ನಾನು ನೀರು ಹಾಕುವವರ ಜೊತೆ ಸೇರಿಕೊಂಡೆ. ಬಕೆಟು ಎತ್ತಿ ಕೊಡುದು, ತಕ್ಕೊಳ್ಳುದು. ಎಷ್ಟು ಹೊತ್ತೋ."

ಅವರ ಬಲಗೈ ತನ್ನಷ್ಟಕ್ಕೆ ಸೊಂಟದ ಹತ್ತಿರ ಹೋಯಿತು.

"ಕೀ ಇಲ್ಲಿ ಇತ್ತು. ನೆನಪಾಗ್ಲಿಲ್ಲ. ಬೆಂಕಿ ಆರಿಸುವ ಬಂಬಿನವರು ಬೀಗ ಒಡೆದು ಅವನನ್ನು ಹೊರಗೆ ತಂದ ಮೇಲೆ ನೆನಪಾದದ್ದು. ಬಾಗಿಲಿನ ಬುಡದಲ್ಲೇ ಇದ್ದ."

ಜಲಜಾಕ್ಷಿ ನೆಲದ ಮೇಲೆ ಕೂತಳು.

"ದೈವದ ಮುಂದೆ ನೀವು ಪ್ರಮಾಣ ಮಾಡಿದ್ದು?" ಎಂದಳು.

"ಕೇಳಿದ್ದು ಗ್ಯಾಸಿನ ವಿಷಯ. ಹೇಳಿದ್ದೂ ಗ್ಯಾಸಿನ ವಿಷಯ. ಒಂದು ಸುಳ್ಳು ಹೇಳ್ಲಿಲ್ಲ ನಾನು. ಬಾಗಿಲು ಯಾರೂ ಕೇಳ್ಲಿಲ್ಲ. ಧಣಿಗೆ ಗೊತ್ತಿತ್ತು, ಅವರೂ ಹೂಂ ಅಂದವರಲ್ವಾ, ಅವರೂ ಕೇಳ್ಲಿಲ್ಲ. ಚನಿಯನ ಕಡೆಯವರು ಅಂಗಳಕ್ಕೆ ಬಂದೇ ಇರ್ಲಿಲ್ಲ. ಅವರನ್ನು ಯಾರು ಕರೀಬೇಕು?"

ಆಮೇಲೆ ಅವರು ಮಗಳ ಕಡೆ ತಿರುಗಿ, ಬರೆಯಲು ಹೇಳಿದರು. ಗ್ಯಾಸಿನ ವಿಷಯ ಬೇಡ, ಅದು ಅಂಗಳದಲ್ಲಿ ಮುಗಿದಿದೆ, ಅದರಲ್ಲಿ ಒಂದಕ್ಷರವೂ ಹೊರಗೆ ಬರಬಾರದು. ಬಾಗಿಲಿನ ವಿಷಯ ಬರೆಯಬಹುದು. ಅದು ಅಂಗಳಕ್ಕೆ ಹೋಗಿಯೇ ಇಲ್ಲ.

ರಮಿತಾ ಅವರೊಡನೆ ವಾದಿಸಿದಳು. ಅವರ ಮೇಲಿನ ಸುಳ್ಳನ್ನು ಹಾಗೇ ಬಿಟ್ಟು, ಅದರ ಮೇಲೆ ಇದನ್ನೂ ಹೇರುವುದು ಎಂಥ ನ್ಯಾಯ ಎಂದಳು. ಎರಡನ್ನೂ ಬರೆಯೋಣ, ಇಲ್ಲವಾದರೆ ಎರಡೂ ಬೇಡ ಎಂದಳು. ಅತ್ತಳು ಕೂಡ. ಹನ್ನೊಂದು ವರ್ಷ ಮಾತಾಡದೆ ಇದ್ದವರನ್ನು ಒಂದು ಮಧ್ಯಾಹ್ನದಲ್ಲಿ ಅಲುಗಿಸುವುದು ಅವಳಿಂದಾಗಲಿಲ್ಲ. ಕೊನೆಗೆ ಅವಳು ಕಾಗದ ತಂದಳು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡಳು. ಐದೇ ವಾಕ್ಯ. ಅವುಗಳಲ್ಲಿ ಮೂರು ಚನಿಯನ ಬಗ್ಗೆ: ಯಾವ ಗ್ರಾಮದವನು, ಹೋಟೆಲಿನಲ್ಲಿ ಎಷ್ಟು ವರ್ಷ ಇದ್ದ, ಬಾಗಿ ಎಂಬ ಅಕ್ಕ ಒಬ್ಬಳು ಅವನಿಗೆ ಇದ್ದಳು ಎಂಬುದು. ನಾಲ್ಕನೆಯದು ಬೀಗದ್ದು. ಐದನೆಯದನ್ನು ಶಂಭು ಹೀಗೆ ಹೇಳಿದರು: "ತೆಂಗಿನಕಾಯಿ ಅವನು ಕದ್ದಿರಲಿಲ್ಲ ಅಂತ ಬರಿ. ಅದು ನನಗೆ ಆಮೇಲೆ ಗೊತ್ತಾಯ್ತು."

ಅಂದು ಸಂಜೆಯೇ ಅವಳು ಅದನ್ನು ಇಂಟರ್‌ನೆಟ್ಟಿಗೆ ಹಾಕಿದಳು. ಬಿಳಿ ಪುಟ, ಮೇಲೆ ಚನಿಯ ಎಂಬ ಹೆಸರು, ಕೆಳಗೆ ಐದು ವಾಕ್ಯ, ಕೊನೆಯಲ್ಲಿ ಶಂಭು ಕೋಟ್ಯಾನ್ ಎಂಬ ಸಹಿ. ಅದನ್ನು ಯಾರಿಗೂ ಕಳಿಸಲಿಲ್ಲ. ಅದರಲ್ಲಿ ಬೆಂಕಿಯ ಕಾರಣದ ಮಾತೇ ಇರಲಿಲ್ಲವಾದ್ದರಿಂದ, ಸೋಮವಾರ ಸೋನಾಲಿ ಪುಟ ಸಿಕ್ಕಿತೇ ಎಂದು ಕೇಳಿದಾಗ ಇಲ್ಲ ಎಂದಳು. ಸೋನಾಲಿ ಅವಳ ಎದುರೇ ತಪ್ಪು ಎಂಬುದನ್ನು ಅಳಿಸಿ ಸರಿ ಎಂದು ಮಾಡಿ, ಬಿಡು, ಎಲ್ಲರಿಗೂ ಆಗುತ್ತದೆ ಎಂದಳು.

ಮಳೆಗಾಲ ಹಿಡಿಯಿತು. ಕಲ್ವಾದ ಹತ್ತಿರ ಹಳಿಗಳಲ್ಲಿ ನೀರು ನಿಂತು ಎರಡು ದಿನ ಗಾಡಿ ನಿಂತಿತು. ಮನೆಯಲ್ಲಿ ಮೂವರೂ ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರು. ಜಲಜಾಕ್ಷಿ ಗಂಡನಿಗೆ ಊಟ ಬಡಿಸುವಾಗ ಮೊದಲಿನಂತೆ ಪಕ್ಕದಲ್ಲಿ ಕೂರುತ್ತಿರಲಿಲ್ಲ, ಬಡಿಸಿ ಒಳಗೆ ಹೋಗುತ್ತಿದ್ದಳು. ಬಾಗಿಲಿನ ಬಗ್ಗೆ ಗೊಣಗುವುದನ್ನೂ ನಿಲ್ಲಿಸಿದ್ದಳು. ಒಂದು ಭಾನುವಾರ ಶಂಭು ಚಾಪೆ ತರುವುದರೊಳಗೆ ಅವಳೇ ಇಟ್ಟಿಗೆ ಇಟ್ಟದ್ದನ್ನು ರಮಿತಾ ನೋಡಿದಳು.

ಆಗಸ್ಟ್ ಕೊನೆಯ ವಾರದಲ್ಲಿ ಆ ಸಾಲು ಬಂತು. ಎರಡು ತಿಂಗಳಿಂದ ಅವಳು ಅದನ್ನು ಕಾಯುತ್ತಿದ್ದಳು, ಬಾರದಿರಲಿ ಎಂದೂ ಬಯಸಿದ್ದಳು. ಚನಿಯ, ಸಾವಿಗೆ ಕಾರಣ, ಶಂಭು ಕೋಟ್ಯಾನ್. ನಂಬಿಕೆ ಐವತ್ತೊಂದು. ಪುಟ ಒಂದು.

ಯಂತ್ರ ಅದಾಗಲೇ ಇನ್ನೊಂದು ಕೆಲಸ ಮಾಡಿತ್ತು. ಹೆಸರಿನ ಮೇಲೆ ಒತ್ತಿದರೆ ಅವರ ಬಗ್ಗೆ ಕಲಿತದ್ದೆಲ್ಲ ತೆರೆಯುತ್ತಿತ್ತು. ಶಂಭು ಕೋಟ್ಯಾನ್ ಎಂಬುದರ ಮೇಲೆ ಒತ್ತಿದಾಗ ಎರಡು ಸಾಲುಗಳು ಒಂದರ ಕೆಳಗೊಂದು ನಿಂತವು. ಹೋಟೆಲಿನ ಬೆಂಕಿಗೆ ಕಾರಣ. ಚನಿಯನ ಸಾವಿಗೆ ಕಾರಣ. ಅವರು ಮಾಡಿದ ಸಾಂಬಾರು, ಹದಿನೆಂಟು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದದ್ದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಲ್ಯಾಣದ ಸೇತುವೆ ದಾಟಿದ್ದು, ಯಾವುದೂ ಎಲ್ಲಿಯೂ ಬರೆದಿರಲಿಲ್ಲ. ಜಗತ್ತಿನಲ್ಲಿ ಅವರ ಬಗ್ಗೆ ತಿಳಿಯಬೇಕಾದದ್ದು ಆ ಎರಡೇ ಎಂಬಂತೆ ಅವು ನಿಂತಿದ್ದವು. ಮೊದಲನೆಯದು ಸುಳ್ಳು. ಎರಡನೆಯದನ್ನು ತನ್ನ ಕೈಯಾರೆ ಬರೆದವಳು ಅವಳೇ.

ಐವತ್ತೊಂದರ ನಂಬಿಕೆಯ ಸಾಲುಗಳನ್ನು ತಪಾಸಣೆಯವರು ನೋಡುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ತಪ್ಪು ಎಂದು ಒತ್ತಿದರೆ ಅದು ಅಲ್ಲಿಗೇ ಅಳಿಸಿಹೋಗುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಆ ಆಫೀಸಿನಲ್ಲಿ ಅದನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಆದರೆ ಚನಿಯ ಎಂಬ ಹೆಸರು ಆ ಯಂತ್ರದಲ್ಲಿದ್ದದ್ದು ಆ ಒಂದು ಸಾಲಿನಲ್ಲಿ ಮಾತ್ರ. ಅವನ ಗ್ರಾಮ, ಅವನ ಅಕ್ಕ, ಅವನು ಕದ್ದಿರಲಿಲ್ಲ ಎಂಬುದು ಯಾವುದನ್ನೂ ಯಂತ್ರ ಎತ್ತಿಕೊಂಡಿರಲಿಲ್ಲ. ಸಾಲು ಹೋದರೆ ಅವನು ಮತ್ತೆ ಓರ್ವ ಕೆಲಸಗಾರ.

ಅವಳು ಪುಟ ತೆರೆದು ನಾಲ್ಕನೆಯ ವಾಕ್ಯವನ್ನು ಓದಿದಳು. ನಿಯಮದ ಪ್ರಕಾರ ಓದಿದಳು, ಯಾರೋ ಯಾರ ಬಗ್ಗೆಯೋ ಬರೆದದ್ದೆಂಬಂತೆ. ಆಮೇಲೆ ಸರಿ ಎಂಬ ಗುಂಡಿ ಒತ್ತಿದಳು. ಮುಂದಿನ ಸಾಲು ಬಂತು. ಅದು ಯಾವುದೋ ಊರಿನ ಜನಸಂಖ್ಯೆ.

ಮನೆಗೆ ಬಂದಾಗ ಶಂಭು ಬೇಲಾಪುರದಿಂದ ಆಗಲೇ ಬಂದಿದ್ದರು. ಒದ್ದೆ ಕೊಡೆಯನ್ನು ಬಿಡಿಸಿ ಹೊಸ್ತಿಲಾಚೆ ಇಟ್ಟು, ತೆರೆದ ಬಾಗಿಲಿನ ಬಳಿ ಕೂತಿದ್ದರು. ಅವಳ ಮುಖ ನೋಡಿ ಏನು ತಿಳಿಯಿತೋ.

"ಓದಿತಾ?" ಎಂದು ಕೇಳಿದರು.

"ಓದಿತು ಪಪ್ಪ."

"ಚನಿಯನ ಹೆಸರು ಕಲಿಯಿತಾ?"

"ಕಲಿಯಿತು."

ಅವರು ತಲೆಯಾಡಿಸಿದರು. ಇನ್ನೇನು ಕಲಿಯಿತೆಂದು ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ಚಪ್ಪಲಿ ಬಿಚ್ಚಿ ಒಳಗೆ ಬರುವಾಗ ಗಾಳಿಗೆ ಬಾಗಿಲು ಸ್ವಲ್ಪ ಜರುಗಿತು. ಅವಳು ಬಗ್ಗಿ ಇಟ್ಟಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದಳು.